ಮಸ್ಕತ್‌ನ ಲಕೋಟೆ, ಮಸ್ಕತ್‌ನ ಬೊಕ್ಕಸ

ಮಿತ್ರರಾಷ್ಟ್ರವೊಂದರ ದೊರೆ ತೀರಿಕೊಂಡ ರಾತ್ರಿ ವಿದೇಶಾಂಗ ಕಚೇರಿಗಳಲ್ಲಿ ಮೊದಲು ತಲೆನೋವಾಗುವುದು ಸಂತಾಪ ಸಂದೇಶದ ವಿಳಾಸ. ಯಾರ ಹೆಸರಿಗೆ ಬರೆಯುವುದು? ಗದ್ದುಗೆ ಏರದವನ ಹೆಸರಿಗೆ ಬರೆದರೆ ಏರಿದವನು ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಂಡಿರುತ್ತಾನೆ. 2020ರ ಜನವರಿ 10ರಂದು ಒಮಾನ್‌ನ ಸುಲ್ತಾನ ಕಾಬೂಸ್ ನಿಧನರಾದಾಗ ಈ ಆತಂಕಕ್ಕೆ ಕಾರಣವಿತ್ತು. ಅವರಿಗೆ ಮಕ್ಕಳಿರಲಿಲ್ಲ, ಸಹೋದರರಿರಲಿಲ್ಲ, ಯುವರಾಜನೆಂದು ಯಾರನ್ನೂ ಘೋಷಿಸಿರಲಿಲ್ಲ. ಅರ್ಧ ಶತಮಾನದ ಆಳ್ವಿಕೆಯಲ್ಲಿ ಪ್ರಧಾನಿ, ರಕ್ಷಣೆ, ಹಣಕಾಸು, ವಿದೇಶಾಂಗ ಎಲ್ಲವೂ ಅವರ ಕೈಯಲ್ಲೇ ಇದ್ದವು.

ಒಮಾನ್‌ನ ಸಂವಿಧಾನದಂತಿರುವ 1996ರ ಮೂಲ ಶಾಸನದ ಪ್ರಕಾರ ರಾಜಮನೆತನದ ಮಂಡಳಿ ಮೂರು ದಿನಗಳೊಳಗೆ ಉತ್ತರಾಧಿಕಾರಿಯನ್ನು ಆರಿಸಬೇಕು. ಒಮ್ಮತ ಮೂಡದಿದ್ದರೆ ಸುಲ್ತಾನರು ಬರೆದಿಟ್ಟ ಮೊಹರು ಹಾಕಿದ ಲಕೋಟೆಯನ್ನು ತೆರೆಯಬೇಕು. ಮನೆತನದವರು ಚರ್ಚೆಗೇ ಇಳಿಯಲಿಲ್ಲ, ನೇರವಾಗಿ ಲಕೋಟೆಯನ್ನೇ ತೆರೆಯಿರಿ ಎಂದುಬಿಟ್ಟರು. ಟಿ.ವಿ. ಕ್ಯಾಮೆರಾ ಎದುರು ತೆರೆದ ಆ ಪತ್ರದಲ್ಲಿ ಕಾಬೂಸರ ಚಿಕ್ಕಪ್ಪನ ಮಗ ಹೈಥಮ್ ಬಿನ್ ತಾರಿಕ್ ಹೆಸರಿತ್ತು. ಬಹಳ ಮಂದಿ ಪಂಡಿತರು ಅವರ ಅಣ್ಣ ಅಸದ್ ಮೇಲೆ ಪಣ ಕಟ್ಟಿದ್ದರು. ಹೈಥಮ್ ಸಂಸ್ಕೃತಿ ಖಾತೆಯ ಸಚಿವರು, ಅದಕ್ಕೂ ಮೊದಲು ವಿದೇಶಾಂಗ ಇಲಾಖೆಯಲ್ಲಿ ಪಳಗಿದವರು. ಮೊದಲ ಭಾಷಣದಲ್ಲಿ ಅವರು ಕಾಬೂಸರ ದಾರಿಯಲ್ಲೇ ನಡೆಯುವುದಾಗಿ ಹೇಳಿದರು. ಇಂಥ ಮಾತನ್ನು ಹೇಳದ ಹೊಸ ದೊರೆ ಯಾವ ದೇಶದಲ್ಲೂ ಇಲ್ಲ.

ಕೊಲ್ಲಿ ದೇಶಗಳ ರಾಜಕೀಯವನ್ನು ಉದ್ಯಮಿಗಳಿಗೆ ಬಿಡಿಸಿ ಹೇಳುವುದು ನನ್ನ ವೃತ್ತಿ. ಅಧಿಕಾರ ಹಸ್ತಾಂತರವಾದಾಗ ಎಲ್ಲರೂ ಕೇಳುವುದು ಹೊಸಬರ ಸ್ವಭಾವವನ್ನು: ಇರಾನ್ ಕಡೆ ವಾಲುತ್ತಾರೆಯೇ, ಸೌದಿ ಕಡೆಗೋ? ನಾನು ಮೊದಲು ಕೇಳುವುದು ಬೊಕ್ಕಸದ ಸ್ಥಿತಿಯನ್ನು. ಯಾಕೆಂದರೆ ಒಮಾನ್‌ನ ವಿದೇಶಾಂಗ ನೀತಿಯ ಪ್ರಾಣವೇ ಯಾರ ಹಂಗಿಗೂ ಒಳಗಾಗದಿರುವುದು. ದಕ್ಷಿಣ ಒಮಾನ್‌ನ ಧೋಫಾರ್ ದಂಗೆಯನ್ನು ಅಡಗಿಸಲು 1970ರ ದಶಕದಲ್ಲಿ ಇರಾನ್‌ನ ಷಾ ಸೈನ್ಯ ಕಳುಹಿಸಿದ್ದರು. ಟೆಹರಾನ್‌ನಲ್ಲಿ ಆಡಳಿತ ಬದಲಾದ ಮೇಲೂ ಮಸ್ಕತ್ ಆ ನಂಟನ್ನು ಕಡಿದುಕೊಳ್ಳಲಿಲ್ಲ. 2015ರಲ್ಲಿ ಯೆಮನ್ ಯುದ್ಧಕ್ಕೆ ಸೌದಿ ಕಟ್ಟಿದ ಕೂಟಕ್ಕೆ ಸೇರಲಿಲ್ಲ. 2017ರಲ್ಲಿ ಕತಾರ್ ಮೇಲೆ ನೆರೆಯವರು ದಿಗ್ಬಂಧನ ಹೇರಿದಾಗ ತನ್ನ ಸೊಹಾರ್ ಬಂದರನ್ನು ಕತಾರ್‌ಗೆ ತೆರೆದಿಟ್ಟಿತು. ಕೈಯಲ್ಲಿ ಕಾಸಿಲ್ಲದವರು ಇಷ್ಟೆಲ್ಲ ಧೈರ್ಯ ತೋರಿಸಲಾಗದು.

ಹೈಥಮ್ ಕೈಗೆ ಬಂದದ್ದು ಕಾಸಿಲ್ಲದ ದೇಶ. ಸಾಲ ತೀರಿಸುವ ಸಾಮರ್ಥ್ಯವನ್ನು ಅಳೆಯುವ ರೇಟಿಂಗ್ ಸಂಸ್ಥೆಗಳು ಅದರ ಸಾಲಪತ್ರಗಳನ್ನು ಆಗಲೇ ಹೂಡಿಕೆಗೆ ತಕ್ಕುದಲ್ಲದ ದರ್ಜೆಗೆ ಇಳಿಸಿದ್ದವು. ಕೋವಿಡ್ ಬಂದು ತೈಲದ ಬೆಲೆ ಕುಸಿದಾಗ ಸರ್ಕಾರದ ಸಾಲ ಜಿಡಿಪಿಯ ಶೇ 70ರ ಆಸುಪಾಸಿಗೆ ಏರಿತು. ನೆರೆಯ ಶ್ರೀಮಂತರಿಂದ ಹಣ ಪಡೆಯಬಹುದಿತ್ತು, ಆದರೆ ಹಣದ ಜೊತೆ ಸಲಹೆಯೂ ಬರುತ್ತದೆ. ಹೊಸ ಸುಲ್ತಾನರು ಕೈ ಹಾಕಿದ್ದು ತಮ್ಮ ಪ್ರಜೆಗಳ ಜೇಬಿಗೆ. ಸಬ್ಸಿಡಿಗೆ ಕತ್ತರಿ ಬಿತ್ತು, 2021ರ ಏಪ್ರಿಲ್‌ನಿಂದ ಶೇ 5ರ ಮೌಲ್ಯವರ್ಧಿತ ತೆರಿಗೆ ಬಂತು. ಮರುತಿಂಗಳೇ ಸೊಹಾರ್‌ನಲ್ಲಿ ಕೆಲಸವಿಲ್ಲದ ಯುವಕರು ಬೀದಿಗಿಳಿದರು. ಸುಲ್ತಾನರು ಉದ್ಯೋಗಗಳ ಭರವಸೆ ನೀಡಿದರು, ತೆರಿಗೆಯನ್ನು ಮಾತ್ರ ಹಿಂತೆಗೆಯಲಿಲ್ಲ. ಅವರ ಆಳ್ವಿಕೆಯ ಅತಿ ಮುಖ್ಯ ವಿದೇಶಾಂಗ ನಿರ್ಧಾರ ಇದೇ ಎಂದು ನಾನು ಭಾವಿಸುತ್ತೇನೆ. ವಿದೇಶಾಂಗ ಕಚೇರಿಯ ಕಡತದಲ್ಲಿ ಇದು ಸಿಗುವುದಿಲ್ಲ.

ಸೌದಿಯ ಕಡೆ ಹೆಜ್ಜೆ ಹಾಕಲಿಲ್ಲವೆಂದಲ್ಲ. 2021ರ ಜುಲೈನಲ್ಲಿ ಮೊದಲ ವಿದೇಶ ಪ್ರವಾಸ ಅಲ್ಲಿಗೇ. ಅದೇ ವರ್ಷದ ಡಿಸೆಂಬರ್‌ನಲ್ಲಿ ರುಬ್ ಅಲ್ ಖಾಲಿ ಮರುಭೂಮಿಯನ್ನು ಸೀಳಿ ಎರಡೂ ದೇಶಗಳನ್ನು ನೇರವಾಗಿ ಬೆಸೆಯುವ ರಸ್ತೆ ತೆರೆಯಿತು. ಅಲ್ಲಿಯವರೆಗೆ ಲಾರಿಗಳು ಸಂಯುಕ್ತ ಅರಬ್ ಎಮಿರೇಟ್ಸ್ ಸುತ್ತಿ ಬರಬೇಕಿತ್ತು. ಸೌದಿಯ ಸ್ನೇಹ ಸಂಪಾದಿಸುತ್ತಲೇ ದುಬೈನ ಅವಲಂಬನೆ ತಗ್ಗಿಸಿಕೊಂಡ ಜಾಣತನ ಇದು. ಆಮೇಲೆ 2023ರ ಮೇ ತಿಂಗಳಲ್ಲಿ ಟೆಹರಾನ್‌ಗೂ ಹೋಗಿ ಬಂದರು.

ವ್ಯವಸ್ಥೆಯೂ ಬದಲಾಯಿತು. 2020ರ ಆಗಸ್ಟ್‌ನಲ್ಲಿ ಹಣಕಾಸು ಮತ್ತು ವಿದೇಶಾಂಗ ಖಾತೆಗಳನ್ನು ಹೈಥಮ್ ಬೇರೆಯವರಿಗೆ ಬಿಟ್ಟುಕೊಟ್ಟರು. 1997ರಿಂದ ವಿದೇಶಾಂಗ ವ್ಯವಹಾರ ನೋಡಿಕೊಂಡಿದ್ದ ಯೂಸುಫ್ ಬಿನ್ ಅಲಾವಿ ಜಾಗಕ್ಕೆ ಬಂದ ಬದರ್ ಅಲ್ ಬುಸೈದಿ ಅದೇ ಇಲಾಖೆಯಲ್ಲಿ ಬೆಳೆದವರು. ಮರುವರ್ಷದ ಜನವರಿಯಲ್ಲಿ ಹೊಸ ಮೂಲ ಶಾಸನ ಬಂತು. ಹೈಥಮ್‌ರ ಹಿರಿಯ ಮಗ ಥೆಯಾಝಿನ್ ಯುವರಾಜರಾದರು. ಅಲ್ಲಿಗೆ ಲಕೋಟೆಯ ಕಾಲ ಮುಗಿಯಿತು. ಮಿತ್ರರಾಷ್ಟ್ರಗಳಿಗೆ ಇದರಿಂದ ಅನುಕೂಲವೇ: ಸಂತಾಪ ಪತ್ರದ ವಿಳಾಸ ಮೊದಲೇ ಗೊತ್ತು. ತೊಡಕೂ ಇದೆ. ಯುವರಾಜನ ಒಲವು ಗಿಟ್ಟಿಸುವ ಪೈಪೋಟಿ ಇಂದೇ ಶುರುವಾಗುತ್ತದೆ, ಸುಲ್ತಾನರ ಮಾತಿನ ಜೊತೆ ಮಗನ ಮೌನವನ್ನೂ ಅಳೆಯಬೇಕಾಗುತ್ತದೆ.

ಭಾರತಕ್ಕೆ ಒಮಾನ್‌ನ ದುಕ್ಮ್ ಬಂದರಿನ ಚಿಂತೆ ಇತ್ತು. 2018ರ ಫೆಬ್ರುವರಿಯಲ್ಲಿ ಕಾಬೂಸರ ಕಾಲದಲ್ಲಿ ನಮ್ಮ ನೌಕಾಪಡೆಗೆ ಅಲ್ಲಿ ಸೌಲಭ್ಯ ದೊರೆತಿತ್ತು. ಅದು ಇಬ್ಬರು ನಾಯಕರ ವಿಶ್ವಾಸದ ಮೇಲೆ ನಿಂತ ಒಪ್ಪಂದವೋ, ಎರಡು ಸರ್ಕಾರಗಳ ಹಿತದ ಮೇಲೆ ನಿಂತದ್ದೋ? ದೊರೆ ಬದಲಾದರೂ ಅದು ಉಳಿಯಿತು; 2023ರ ಡಿಸೆಂಬರ್‌ನಲ್ಲಿ ಹೈಥಮ್ ದೆಹಲಿಗೆ ಬಂದರು.

2024ರ ಸೆಪ್ಟೆಂಬರ್ ವೇಳೆಗೆ ರೇಟಿಂಗ್ ಸಂಸ್ಥೆಯೊಂದು ಒಮಾನನ್ನು ಹೂಡಿಕೆ ದರ್ಜೆಗೆ ಮರಳಿಸಿತು. ಜಿಡಿಪಿಗೆ ಹೋಲಿಸಿದರೆ ಸಾಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. 2025ರ ಏಪ್ರಿಲ್‌ನಲ್ಲಿ ಅಮೆರಿಕ ಮತ್ತು ಇರಾನ್ ಪರಮಾಣು ಮಾತುಕತೆಗೆ ಮಸ್ಕತ್ತನ್ನೇ ಆರಿಸಿಕೊಂಡವು, ಮೇ ತಿಂಗಳಲ್ಲಿ ಯೆಮನ್‌ನ ಹೂತಿ ಬಂಡುಕೋರರ ಜೊತೆ ಅಮೆರಿಕದ ಕದನವಿರಾಮವನ್ನು ಪ್ರಕಟಿಸಿದ್ದೂ ಒಮಾನ್. ಜೂನ್ 15ರಂದು ನಡೆಯಬೇಕಿದ್ದ ಪರಮಾಣು ಮಾತುಕತೆಯ ಆರನೇ ಸುತ್ತಿಗೆ ಎರಡು ದಿನ ಮುಂಚೆ ಇಸ್ರೇಲ್ ಇರಾನ್ ಮೇಲೆ ದಾಳಿ ಮಾಡಿತು, ಮಾತುಕತೆ ಮುರಿದುಬಿತ್ತು. ಮಧ್ಯಸ್ಥ ಎಷ್ಟೇ ಗಟ್ಟಿಯಾಗಿದ್ದರೂ ಯುದ್ಧ ಬಯಸಿದವರನ್ನು ತಡೆಯಲಾರ.

ಅದೇ ಜೂನ್‌ನಲ್ಲಿ ಇನ್ನೊಂದು ಆದೇಶ ಹೊರಬಿತ್ತು: ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯಕ್ಕೆ 2028ರಿಂದ ಶೇ 5ರ ತೆರಿಗೆ. ಆರು ಕೊಲ್ಲಿ ದೇಶಗಳ ಕೂಟವಾದ ಕೊಲ್ಲಿ ಸಹಕಾರ ಮಂಡಳಿಯಲ್ಲಿ ವೈಯಕ್ತಿಕ ಆದಾಯಕ್ಕೆ ತೆರಿಗೆ ಹಾಕಲು ಹೊರಟ ಮೊದಲ ದೇಶ ಒಮಾನ್. ಇದು ನಮಗೂ ತಟ್ಟುತ್ತದೆಯೇ ಎಂದು ಮಸ್ಕತ್‌ನಲ್ಲಿ ದುಡಿಯುವ ಕನ್ನಡಿಗರು ಗಾಬರಿಯಿಂದ ಕೇಳುತ್ತಾರೆ. ರೂಪಾಯಿ ಲೆಕ್ಕದಲ್ಲಿ ಅದು ಒಂದು ಕೋಟಿಯ ಹತ್ತಿರದ ಮೊತ್ತ, ಹೆಚ್ಚಿನವರಿಗೆ ತಟ್ಟುವುದಿಲ್ಲ. ತಟ್ಟುವುದು ಮುಖ್ಯವಾಗಿ ಒಮಾನ್‌ನ ಸಿರಿವಂತ ವ್ಯಾಪಾರಿ ಮನೆತನಗಳಿಗೆ, ಮುಂದೆ ಥೆಯಾಝಿನ್ ಆಳುವಾಗ ಅವರ ಆಸ್ಥಾನದಲ್ಲಿ ಕೂರುವವರಿಗೆ.