ಗುಡ್ಡ ಕುಸಿದಾಗಲೆಲ್ಲ ಮಳೆಯನ್ನಷ್ಟೇ ಬೈದರೆ ಸಾಕೇ?

ಉತ್ತರ ಕನ್ನಡದ ಅಂಕೋಲಾ ಬಳಿ, ಹೆದ್ದಾರಿ ಬದಿಯ ಶಿರೂರಿನ ಗುಡ್ಡ 2024ರಲ್ಲಿ ಕುಸಿದದ್ದಕ್ಕೆ ಒಬ್ಬರು ಮಳೆ ಕಾರಣ ಅನ್ನುತ್ತಾರೆ, ಇನ್ನೊಬ್ಬರು ಮಣ್ಣು ಅನ್ನುತ್ತಾರೆ. ರಸ್ತೆಯ ನಕ್ಷೆ ಬರೆಯುವಾಗ ಗುಡ್ಡದ ಬಗ್ಗೆ ಏನು ಯೋಚಿಸಿದ್ದರು ಎಂದು ಕೇಳುವವರು ಕಡಿಮೆ.

ಕಾರವಾರದಿಂದ ಭಟ್ಕಳದವರೆಗೆ ಕಡಲಿಗೂ ಗುಡ್ಡಕ್ಕೂ ನಡುವೆ ಜಾಗವೇ ಇಲ್ಲ. ಹಳೇ ಹೆದ್ದಾರಿ 17 (ಈಗಿನ 66) ಇದ್ದ ಜಾಗದಲ್ಲೇ ಹೇಗೋ ನುಸುಳಿಕೊಂಡು ಸಾಗಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಿತು. ಆಮೇಲೆ ಧರೆ, ಅಂದರೆ ಗುಡ್ಡ ಕಡಿದ ಬದಿ, ಜರಿದು ಅಪಘಾತಗಳಾದವು. ರೈಲಿನವರು ಧರೆಗೆ ಬಲೆ ಹೊದಿಸಿದರು, ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಮಾಡಿ ವೇಗ ಇಳಿಸಿದರು, ಹಳಿ ಕಾಯಲು ಜನ ಇಟ್ಟರು. 2009ರಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. ಇಷ್ಟೆಲ್ಲ ಕಣ್ಣೆದುರೇ ಇರುವಾಗ ಅದೇ ಹೆದ್ದಾರಿಯನ್ನು ಅಗಲಿಸುವ ಚತುಷ್ಪಥ ಬಂತು.

ಕಗ್ಗಂಟು ಶುರುವಾಗಿದ್ದು ಇಲ್ಲೇ. ಮನೆ, ತೋಟ ಹೋಗುತ್ತದೆಂದು ಕರಾವಳಿಯ ಜನ ಕಡಿಮೆ ಜಾಗ ತೆಗೆದುಕೊಳ್ಳಿ ಎಂದರು. ಅದು ತಪ್ಪೇನಲ್ಲ. ಆದರೆ ಜಾಗ ಕಡಿಮೆಯಾದಷ್ಟೂ ಗುಡ್ಡವನ್ನು ಕಡಿದಾಗಿ ಕಡಿಯಬೇಕು. ನಮ್ಮ ಗುಡ್ಡಗಳ ಮೇಲೆ ಚಿರೆಕಲ್ಲಿನ (ಕೆಂಪು ಮುರಕಲ್ಲಿನ) ಪದರ, ಅದರಡಿ ಮೆತ್ತನೆಯ ಜೇಡಿ. ಮೇಲಿಂದ ನೀರು ಇಳಿದು ಜೇಡಿಯ ಮೇಲೆ ನಿಲ್ಲುತ್ತದೆ. ಭಾರ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ, ಬುಡ ಕಡಿದಿದ್ದರೆ ತಡೆಯಲು ಏನೂ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ನೆತ್ತಿಯಲ್ಲಿ ಚರಂಡಿ ತೋಡುವುದು, ಒಳಗಿನ ನೀರಿಗೆ ಪೈಪು ಕೊಡುವುದು, ಇವೆಲ್ಲ ಇಂಜಿನಿಯರಿಂಗ್ ಪುಸ್ತಕದಲ್ಲಿ ಹಳೇ ಪಾಠಗಳೇ. ಖರ್ಚು ಮತ್ತು ಗಡುವಿನ ಲೆಕ್ಕ ಬಂದಾಗ ಮೊದಲು ಕೈಬಿಡುವುದೂ ಇವನ್ನೇ, ಅಲ್ವಾ?

2024ರ ಜುಲೈ 16ರಂದು ಶಿರೂರಿನಲ್ಲಿ ಕುಸಿದ ಮಣ್ಣಿನ ಕೆಳಗೆ ಇದ್ದದ್ದು ಬರೀ ರಸ್ತೆಯಲ್ಲ. ಅಲ್ಲೊಂದು ಚಹಾ ಅಂಗಡಿ ಇತ್ತು, ಲಾರಿಯವರು ನಿಲ್ಲುತ್ತಿದ್ದರು. ಗ್ಯಾಸ್ ಟ್ಯಾಂಕರ್ ಪಕ್ಕದ ಗಂಗಾವಳಿ ನದಿಗೆ ಬಿತ್ತು. ಮಣ್ಣು ನುಗ್ಗಿದ ರಭಸಕ್ಕೆ ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ಧರೆಯ ಬುಡದಲ್ಲಿ ಜನ ನಿಲ್ಲುತ್ತಾರೆ, ನದಿಯಾಚೆ ಊರಿದೆ ಎನ್ನುವುದು ಯಾವ ನಕ್ಷೆಯಲ್ಲಾದರೂ ಲೆಕ್ಕಕ್ಕೆ ಬಂದಿತ್ತೇ? ನನಗಂತೂ ಅನುಮಾನ.

ಮೂರು ವಾರದಲ್ಲೇ, ಆಗಸ್ಟ್ 7ರ ನಡುರಾತ್ರಿ, ಇದೇ ಹೆದ್ದಾರಿಯಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಪಕ್ಕದಲ್ಲಿ ಹೊಸದು ಕಟ್ಟಿದ್ದರೂ ಗೋವಾ ಕಡೆಯಿಂದ ಬರುವ ವಾಹನಗಳಿಗೆ ಹಳೆಯದನ್ನೇ ಉಳಿಸಿಕೊಂಡಿದ್ದರು. ಹಳೆಯದು ಇನ್ನೆಷ್ಟು ವರ್ಷ ತಾಳುತ್ತದೆ ಎಂಬುದೂ ನಕ್ಷೆ ಬರೆಯುವವರ ಪ್ರಶ್ನೆಯೇ.

ಈಗ ಧರೆಗಳನ್ನು ಸರಿಯಾದ ಇಳಿಜಾರಿಗೆ ತರಬೇಕೆಂದರೆ ಮತ್ತಷ್ಟು ಜಾಗ ಬೇಕು. ಅಂದರೆ ಮತ್ತೆ ಮನೆ, ತೋಟ, ಕಾಡು. ಚತುಷ್ಪಥಕ್ಕೆ ಜಾಗ ಹಿಡಿಯುವಾಗ ತಪ್ಪಿಸಿಕೊಂಡಿದ್ದ ಜಗಳ ಈಗ ಗುಡ್ಡದ ಮೇಲಿನ ಮನೆಗಳಿಂದ ಶುರುವಾಗಬೇಕು.