ಕಾಂಪ್ಲೆಕ್ಸ್‌ನ ಹಿಂದಿನ ಗೇಟು ಮತ್ತು ಅಡ್ಡರಸ್ತೆಯ ಲಾರಿಗಳು

ಪ್ರಶ್ನೆ: ನಮ್ಮದು ಬೆಂಗಳೂರಿನ ವಸತಿ ಬಡಾವಣೆ. ಮುಖ್ಯರಸ್ತೆಗೆ ಮುಖ ಮಾಡಿರುವ ಶಾಪಿಂಗ್ ಕಾಂಪ್ಲೆಕ್ಸ್‌ನವರು ಹಿಂದಿನ ಗೇಟು ತೆರೆದು, ನಮ್ಮ ಅಡ್ಡರಸ್ತೆಯಿಂದಲೇ ರಾತ್ರಿಯೆಲ್ಲ ಲಾರಿಗಳಲ್ಲಿ ಬಂದ ಸರಕು ಇಳಿಸುತ್ತಾರೆ. ಇದನ್ನು ತಡೆಯಲು ನಮಗೆ ಹಕ್ಕಿದೆಯೇ?

ಉತ್ತರ: ರಸ್ತೆ ಸಾರ್ವಜನಿಕವಾಗಿದ್ದರೆ ಲಾರಿಯನ್ನು ಅಡ್ಡಗಟ್ಟಲು ನಿಮಗೆ ಅಧಿಕಾರವಿಲ್ಲ. ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಆ ಅಧಿಕಾರವನ್ನು ಸರ್ಕಾರಕ್ಕೆ ಮತ್ತು ಅದು ನೇಮಿಸಿದ ಅಧಿಕಾರಿಗೆ ಕೊಟ್ಟಿದೆ. ನಿವಾಸಿಗಳ ಸಂಘವೇ ಕಬ್ಬಿಣದ ಕಂಬ ನೆಟ್ಟರೆ ದೂರುದಾರರೇ ಆರೋಪಿಗಳಾಗಿ ಠಾಣೆಗೆ ಅಲೆಯಬೇಕಾದೀತು.

ನೀವು ಹಿಡಿಯಬೇಕಾದದ್ದು ಕಟ್ಟಡದ ಮಂಜೂರಾದ ನಕ್ಷೆಯನ್ನು. ಮಳಿಗೆಗಳಿರುವ ಕಟ್ಟಡದಲ್ಲಿ ಪಾರ್ಕಿಂಗ್ ಅಲ್ಲದೆ ಸರಕು ಇಳಿಸಲೆಂದೇ ಪ್ರತ್ಯೇಕ ಜಾಗ ಇರಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ ಅಂಥ ಒಂದೊಂದು ಜಾಗಕ್ಕೆ 3.5 ಮೀಟರ್ ಅಗಲ, 7.5 ಮೀಟರ್ ಉದ್ದ ಹೇಳುತ್ತದೆ. ನಕ್ಷೆಯಲ್ಲಿ ಅದು ಅಚ್ಚುಕಟ್ಟಾಗಿ ಇರುತ್ತದೆ. ಕಟ್ಟಡ ಎದ್ದ ಮೇಲೆ ಅಲ್ಲಿ ಗೋದಾಮೋ ಬಾಡಿಗೆಯ ಮಳಿಗೆಯೋ ತಲೆಯೆತ್ತುತ್ತದೆ, ಲಾರಿ ಬೀದಿಗೆ ಬೀಳುತ್ತದೆ. ಆದ್ದರಿಂದ ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ (ಕಟ್ಟಡ ಮುಗಿದ ಮೇಲೆ ಅದನ್ನು ಬಳಸಬಹುದೆಂದು ಕೊಡುವ ಪತ್ರ), ಉದ್ದಿಮೆ ಪರವಾನಗಿ ಮೂರನ್ನೂ ಮಾಹಿತಿ ಹಕ್ಕಿನಡಿ ಪಾಲಿಕೆಯಿಂದ ಕೇಳಿ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೊದಲ ಮೇಲ್ಮನವಿ. ಹಿಂದಿನ ಗೇಟು ನಕ್ಷೆಯಲ್ಲೇ ಇಲ್ಲದಿದ್ದರೆ ಅರ್ಧ ವ್ಯಾಜ್ಯ ಅಲ್ಲಿಗೇ ಮುಗಿಯಿತು.

ಆ ಗೇಟು ತೆರೆದುಕೊಂಡಿರುವ ಜಾಗ ಯಾವುದು ಎಂಬುದನ್ನೂ ನೋಡಿ. ಹಿಂಬದಿಯ ವಸತಿ ನಿವೇಶನವನ್ನು ಕೊಂಡು, ನಡುವಿನ ಕಾಂಪೌಂಡು ಒಡೆದು, ಲಾರಿ ನಿಲ್ಲಿಸುವ ಅಂಗಳ ಮಾಡಿಕೊಂಡಿದ್ದರೆ ಅದು ಶುದ್ಧ ಭೂ ಬಳಕೆಯ ಉಲ್ಲಂಘನೆ. ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ನೇ ಸೆಕ್ಷನ್ ಪ್ರಕಾರ ಜಮೀನಿನ ಬಳಕೆ, ಯಾವ ಜಾಗ ಯಾವುದಕ್ಕೆ ಎಂದು ಗೊತ್ತುಮಾಡುವ ಮಹಾಯೋಜನೆಗೆ (ಮಾಸ್ಟರ್ ಪ್ಲಾನ್) ಹೊಂದಬೇಕು. ಬದಲಾಯಿಸಲು 14-ಎ ಅಡಿ ಅನುಮತಿ ಬೇಕು. ಬೆಂಗಳೂರಿಗೆ 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆ-2015ರಲ್ಲಿ ಆ ನಿವೇಶನದ ಬಣ್ಣ ಹಳದಿಯೋ ನೀಲಿಯೋ ನೋಡಿಕೊಳ್ಳಿ: ಹಳದಿ ವಸತಿಗೆ, ನೀಲಿ ವಾಣಿಜ್ಯಕ್ಕೆ.

ಇನ್ನು ಸದ್ದು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗಿನ ಮಿತಿ 45 ಡೆಸಿಬಲ್. ಮಿತಿಯನ್ನು 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ಶಬ್ದಮಾಲಿನ್ಯ ನಿಯಮಗಳು, 2000ರಡಿ ದೂರು ಕೊಡಬಹುದು. ಅದೇ ನಿಯಮಗಳಿಗೆ ಸೇರಿದ 5-ಎ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹಾರ್ನ್ ಮಾಡುವುದೇ ನಿಷಿದ್ಧ. ಆದರೆ ನಿದ್ದೆ ಕೆಡಿಸುವುದು ಹಾರ್ನ್ ಒಂದೇ ಅಲ್ಲ. ಹಿಂದಕ್ಕೆ ಸರಿಯುವ ಲಾರಿಯ ಪೀಂ ಪೀಂ, ಕಡಪ ಕಲ್ಲಿನ ಮೇಲೆ ಉರುಳುವ ಟ್ರಾಲಿಯ ಕಬ್ಬಿಣದ ಚಕ್ರ, ಧಡಾರನೆ ಬೀಳುವ ಷಟರು. ಇವನ್ನು ಸಮಯದೊಂದಿಗೆ ಧ್ವನಿಮುದ್ರಿಸಿ ಇಟ್ಟುಕೊಳ್ಳಿ.

ಒಂದು ಮಾತು ನಿಮಗೆ ಹಿಡಿಸದಿರಬಹುದು. ಹಗಲಿನಲ್ಲಿ ನಗರದೊಳಗೆ ಭಾರಿ ಸರಕು ವಾಹನಗಳಿಗೆ ನಿರ್ಬಂಧಗಳಿರುವುದರಿಂದಲೇ ಅವು ರಾತ್ರಿ ಬರುತ್ತವೆ. ಲಾರಿಯೇ ಬೇಡ ಎಂದರೆ ಯಾವ ಅಧಿಕಾರಿಯೂ ಕಿವಿಗೊಡುವುದಿಲ್ಲ. ಮುಖ್ಯರಸ್ತೆಯ ಕಡೆಯಿಂದಲೇ ಸರಕು ಇಳಿಸಬೇಕು, 10 ಗಂಟೆಯ ನಂತರ ಹಿಂದಿನ ಗೇಟು ಮುಚ್ಚಿರಬೇಕು, ಟ್ರಾಲಿಗೆ ರಬ್ಬರ್ ಚಕ್ರ ಇರಬೇಕು ಎಂದು ಕೇಳಿದರೆ ನಿಮ್ಮ ಅರ್ಜಿಗೆ ತೂಕ ಬರುತ್ತದೆ.

ಅಡ್ಡರಸ್ತೆ ಪಾಲಿಕೆಯದಲ್ಲ, ನಿವೇಶನದಾರರ ಖಾಸಗಿ ಓಣಿ ಎಂದಾದರೆ ಲೆಕ್ಕ ಬೇರೆ. ಮನೆಗೆಂದು ಬಿಟ್ಟ ದಾರಿಯ ಹಕ್ಕನ್ನು, ಅಲ್ಲಿ ಕಾಂಪ್ಲೆಕ್ಸ್ ಕಟ್ಟಿದ ಮಾತ್ರಕ್ಕೆ, ಗಣನೀಯವಾಗಿ ಹಿಗ್ಗಿಸಿಕೊಳ್ಳಲಾಗದು ಎಂಬುದು ಅನುಭೋಗ ಹಕ್ಕುಗಳ ಕಾಯ್ದೆ, 1882ರ 29ನೇ ಸೆಕ್ಷನ್‌ನ ತಿರುಳು.

ಪಾಲಿಕೆ ಕದಲದಿದ್ದರೆ, ಇದು ಸಾರ್ವಜನಿಕ ಉಪದ್ರವ ಎಂದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಅಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಅಥವಾ ಇಬ್ಬರು, ಅದಕ್ಕಿಂತ ಹೆಚ್ಚು ಮಂದಿ ಸೇರಿ, ನ್ಯಾಯಾಲಯದ ಅನುಮತಿ ಪಡೆದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಸೆಕ್ಷನ್ ಅಡಿ ದಾವೆ ಹೂಡಬಹುದು. ನಿಮಗೆ ವೈಯಕ್ತಿಕವಾಗಿ ವಿಶೇಷ ನಷ್ಟವಾಗಿದೆ ಎಂದು ಅಲ್ಲಿ ರುಜುವಾತು ಮಾಡಬೇಕಿಲ್ಲ.