ಕರಿ ಎರಡು, ಬಿಳಿ ನಾಲ್ಕು: ಪಿಯಾನೋದ ಮನೆಗಳು ನಮ್ಮ ಭಜನೆಗೆ ಬಂದ ದಾರಿ

ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಹಳ್ಳಿಗಳಲ್ಲಿ ಭಜನೆಗೆ ಕೂತಾಗ ಮೊದಲು ಕೇಳುವುದು ಶ್ರುತಿ, ಅಂದರೆ ಹಾಡಿಗೆ ಆಧಾರವಾಗುವ ಸ್ವರ. ‘ಕರಿ ಎರಡು ಹಿಡೀರಿ’ ಎಂದರೆ ಸಾಕು, ಪೇಟಿ (ಹಾರ್ಮೋನಿಯಂ) ಮಾಸ್ತರರ ಬೆರಳು ಎರಡನೇ ಕಪ್ಪು ಮನೆಗೆ, ಅಂದರೆ ಒತ್ತುವ ಕೀಲಿಗೆ, ಹೋಗುತ್ತದೆ. ಮರಾಠಿ ಮಾತಾಡುವವರು ‘ಕಾಳಿ ದೋನ್’ ಅನ್ನುತ್ತಾರೆ. ಹಾಡುವವರ ದನಿಗೇ ಹೆಸರು ಕೊಟ್ಟ ಈ ಕರಿ–ಬಿಳಿ ಸಾಲು ಯುರೋಪಿನದು. ಪಿಯಾನೋಗಿಂತ ಹಳೆಯದೇ, ಆದರೆ ಅದನ್ನು ಮನೆಮನೆಗೆ ಒಯ್ದದ್ದು ಮುಖ್ಯವಾಗಿ ಪಿಯಾನೋ.

1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಪಿಯಾನೋ ಕಟ್ಟಿದ. ಅದಕ್ಕೂ ಮುಂಚಿನ ಹಾರ್ಪ್ಸಿಕಾರ್ಡ್ ಎಂಬ ಮನೆಗಳ ವಾದ್ಯ ತಂತಿಯನ್ನು ಮೀಟುತ್ತಿತ್ತು. ಎಷ್ಟು ಒತ್ತಿದರೂ ಸದ್ದು ಅಷ್ಟೇ. ಕ್ರಿಸ್ತೊಫೊರಿ ಪುಟ್ಟ ಸುತ್ತಿಗೆಗಳನ್ನಿಟ್ಟ. ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರುದನಿ. ಬೆರಳಿನ ಮನಸ್ಸು ತಂತಿಗೆ ಗೊತ್ತಾಗತೊಡಗಿತು. ಮುನ್ನೂರು ವರ್ಷ ಕಳೆದರೂ ಜನ ಪಿಯಾನೋಗೆ ಸೋಲುವುದು ಇದಕ್ಕೇ ಅಂತ ನನಗನ್ನಿಸುತ್ತದೆ.

ಇಂದಿನ ಪಿಯಾನೋದಲ್ಲಿ 88 ಮನೆಗಳು: 52 ಬಿಳಿ, 36 ಕರಿ. ತಂತಿಗಳು 200ಕ್ಕೂ ಜಾಸ್ತಿ. ಅವೆಲ್ಲದರ ಎಳೆತ ತಡೆಯಲು ಒಳಗೆ ಎರಕದ ಕಬ್ಬಿಣದ ಚೌಕಟ್ಟು ಬೇಕು. ಅಷ್ಟು ಭಾರವನ್ನು ಹಳ್ಳಿಯ ಗುಡಿಗೆ ಹೊತ್ತು ತರುವವರು ಯಾರು? ತೂಕವೊಂದೇ ಅಡ್ಡಿಯೂ ಅಲ್ಲ. ಪಿಯಾನೋದ ಸ್ವರ ಹುಟ್ಟಿದ ಕೂಡಲೇ ಕರಗತೊಡಗುತ್ತದೆ. ನಮ್ಮ ಹಾಡಿಗೆ ತಂಬೂರಿಯ ಹಾಗೆ ಬೆನ್ನಿಗೆ ನಿಲ್ಲುವ ಸದ್ದು ಬೇಕು, ಅಲ್ವಾ?

ಅದು ಸಿಕ್ಕಿದ್ದು ಹಾರ್ಮೋನಿಯಂನಲ್ಲಿ. 1842ರಲ್ಲಿ ಪ್ಯಾರಿಸಿನ ಅಲೆಕ್ಸಾಂಡ್ರ್ ದೆಬೆಯ್ನ್ ಆ ಹೆಸರಿಗೆ ಪೇಟೆಂಟ್ ಪಡೆದ. ಅದರಲ್ಲೂ ಅದೇ ಮನೆಗಳು, ಆದರೆ ತಂತಿಯ ಬದಲು ಗಾಳಿಗೆ ನಡುಗುವ ಲೋಹದ ಪಟ್ಟಿಗಳು. ಕುರ್ಚಿಯ ಮೇಲೆ ಕೂತು ಕಾಲಿನಿಂದ ತಿದಿ ಒತ್ತಬೇಕಿತ್ತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲಕ್ಕೆ ಇಳಿಸಿ, ತಿದಿಯನ್ನು ಕೈಗೆ ತಂದರು. ಪಾಶ್ಚಾತ್ಯರಿಗೆ ಹಲವು ಸ್ವರ ಕೂಡಿಸಿ ನುಡಿಸಲು ಎರಡೂ ಕೈ ಬೇಕು. ನಮ್ಮದು ಒಂದೇ ಎಳೆಯ ರಾಗ. ಬಲಗೈ ಸಾಕು, ಎಡಗೈ ಗಾಳಿಗೆ. ಹೀಗೆ ನಾಟಕ, ಕೀರ್ತನೆ, ಭಜನೆ ಎಲ್ಲಕ್ಕೂ ಪೇಟಿ ಬಂತು.

ತಕರಾರೂ ಜೊತೆಗೇ ಬಂತು. ಪಿಯಾನೋದ ಶ್ರುತಿಯಲ್ಲಿ ಸಪ್ತಕವನ್ನು (ಒಂದು ‘ಸ’ದಿಂದ ಮೇಲಿನ ‘ಸ’ದವರೆಗಿನ ಅಂತರವನ್ನು) 12 ಸಮಪಾಲು ಮಾಡುತ್ತಾರೆ. ನಮ್ಮ ರಾಗಗಳ ಸ್ವರ ಆ ಮನೆಗಳಲ್ಲಿ ಸರಿಯಾಗಿ ಕೂರುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅಂತೂ ಬರುವುದೇ ಇಲ್ಲ. ಇದಕ್ಕೆ ದಾರಿ ಹುಡುಕಿದವರಲ್ಲಿ ನಮ್ಮ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರೂ ಇದ್ದರು. ಸಪ್ತಕದೊಳಗಿನ 22 ಶ್ರುತಿಗಳ, ಅಂದರೆ ಸೂಕ್ಷ್ಮ ಸ್ವರಸ್ಥಾನಗಳ, ಬಗ್ಗೆ 1910ರಲ್ಲಿ ಪುಸ್ತಕ ಬರೆದರು. ಅವರ ಪ್ರಯೋಗಗಳಿಗೆ ದನಿ ಕೊಟ್ಟವರು ಮುಂದೆ ಮಿರಜದಲ್ಲಿ ನೆಲೆಸಿದ ಉಸ್ತಾದ್ ಅಬ್ದುಲ್ ಕರೀಂ ಖಾನ್. ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ಜೊತೆ ಸೇರಿ ದೇವಲರು ಶ್ರುತಿ ಹಾರ್ಮೋನಿಯಂ ಕೂಡ ಮಾಡಿಸಿದರು. ಅದು ಬಳಕೆಗೆ ಬರಲಿಲ್ಲ. ಆದರೂ ಕಿವಿಯನ್ನು ಅಷ್ಟು ನಂಬಿ ದುಡಿದವರನ್ನು ನೆನೆದರೆ ಹೆಮ್ಮೆಯಾಗುತ್ತದೆ.

1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿತು. ರವೀಂದ್ರನಾಥ ಠಾಕೂರರೂ ಅದರ ವಿರುದ್ಧವೇ ಇದ್ದರು. ನಿಷೇಧ ಸಡಿಲಾದದ್ದು 1971ರಲ್ಲಿ, ಅದೂ ಪಕ್ಕವಾದ್ಯಕ್ಕೆ ಮಾತ್ರ. ತಕರಾರು ಸುಳ್ಳಲ್ಲ. ಆದರೆ ಭಜನೆಯಲ್ಲಿ ಮೀಂಡ್ ಎಳೆಯುವುದು ಗಂಟಲಿನ ಕೆಲಸ. ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರ ದನಿ ನಡುವೆ ಜಾರುತ್ತದೆ. ಆಗ ಮಾಸ್ತರರು ಷಡ್ಜದ (‘ಸ’ ಸ್ವರದ) ಮೇಲಿಂದ ಬೆರಳು ಎತ್ತದೆ, ಅವರು ವಾಪಸ್ ಬರುವ ತನಕ ತಿದಿ ಒತ್ತುತ್ತಲೇ ಇರುತ್ತಾರೆ.